ಮಾವುತನ ಹಾಡು ಕೇಳಿದ ರಾಣಿ: ಜನ್ನ ಶೃಂಗಾರ ಬರೆದದ್ದು ಹೇಗೆ?

ಬೆಂಗಳೂರಿನಿಂದ ಹುಬ್ಬಳ್ಳಿ, ಶಿವಮೊಗ್ಗ ಕಡೆ ಹೋಗುವ ರೈಲಿನಲ್ಲಿ ಅರಸೀಕೆರೆ ದಾಟಿದ ಮೇಲೆ, ಕಡೂರಿಗೆ ಮುಂಚೆ, ಬಾಣಾವರ ಅಂತ ಒಂದು ಸ್ಟೇಷನ್ ಸಿಗುತ್ತೆ. ನಮ್ಮಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗೆ ನಿದ್ದೆಯಲ್ಲಿರ್ತೀವಿ, ಇಲ್ಲಾ ಫೋನಿನಲ್ಲಿರ್ತೀವಿ. ಆ ಊರಿನಲ್ಲಿ ಇಳಿದು ಜಾವಗಲ್ ದಾರಿ ಹಿಡಿದರೆ ಹಳೇಬೀಡಿಗೆ ಹೋಗಬಹುದು. ಹೊಯ್ಸಳರ ಕಾಲದಲ್ಲಿ ಹಳೇಬೀಡಿನ ಹೆಸರು ದೋರಸಮುದ್ರ. ಅದು ರಾಜಧಾನಿ. ಆ ರಾಜಧಾನಿಯ ಕವಿಯೊಬ್ಬ 1209ರಲ್ಲಿ ಒಂದು ಚಿಕ್ಕ ಕಾವ್ಯ ಬರೆದ. ಅದರಲ್ಲಿ ಮದುವೆಯಾದ ರಾಣಿಯೊಬ್ಬಳು ಗಂಡನ ಪಕ್ಕದಲ್ಲಿ ಮಲಗಿರುವಾಗ ಇನ್ನೊಬ್ಬನ ಹಾಡು ಕೇಳಿ ಮನಸ್ಸು ಕಳಕೊಳ್ಳುತ್ತಾಳೆ. ಹಾಡಿದವನು ಇನ್ನೊಬ್ಬ ರಾಜ ಅಲ್ಲ. ಆನೆ ಲಾಯದ ಮಾವುತ. ಅದೂ ನೋಡಿದವರು ಮುಖ ತಿರುಗಿಸುವಂಥ ಕುರೂಪಿ.

ಕವಿಯ ಹೆಸರು ಜನ್ನ. ಕಾವ್ಯ ‘ಯಶೋಧರ ಚರಿತೆ’. ಪಠ್ಯಪುಸ್ತಕದಲ್ಲಿ ಇದನ್ನು ಅಹಿಂಸೆಯ ಕಾವ್ಯ, ಜೈನ ಕಾವ್ಯ ಅಂತ ಒಂದು ಮಾರ್ಕಿನ ಪ್ರಶ್ನೆಗೆ ಓದಿರ್ತೀವಿ. ಅದು ಸುಳ್ಳಲ್ಲ. ಆದರೆ ಕನ್ನಡದಲ್ಲಿ ಹೆಣ್ಣಿನ ಆಸೆಯನ್ನು ಇಷ್ಟು ನೇರವಾಗಿ ಬರೆದ ಹಳೆಯ ಕೃತಿಗಳಲ್ಲಿ ಇದೂ ಒಂದು ಅನ್ನೋದನ್ನ ಯಾರೂ ಹೇಳಿರಲ್ಲ. ಈಗ ಆನ್‌ಲೈನ್‌ನಲ್ಲಿ ರೊಮ್ಯಾನ್ಸ್ ಬರೆಯುವ, ಓದುವ ಹುಡುಗ ಹುಡುಗಿಯರು ನಮ್ಮ ಕ್ಯಾಂಪಸ್ಸಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರಿಗೋಸ್ಕರ ಒಂದು ಪ್ರಶ್ನೆ ಇಟ್ಕೊಂಡು ಈ ಲೇಖನ: ಜನ್ನ ಇದನ್ನು ಬರೆದದ್ದು ಹೇಗೆ? ಎಲ್ಲಿಂದ ತಗೊಂಡ, ಏನು ಮಾಡಿದ, ಏನು ಬಿಟ್ಟ?

ಯಾರು ಈ ಜನ್ನ?

ಮೊದಲಿಗೆ ಮನೆತನ ನೋಡೋಣ. ತಂದೆ ಸುಮನೋಬಾಣ ಹೊಯ್ಸಳ ಆಸ್ಥಾನದಲ್ಲಿ ಉಪಾಧ್ಯಾಯ, ತಾನೂ ಕವಿ. ಭಾವ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ ಅನ್ನೋ ಪದ್ಯ ಸಂಕಲನ ಮಾಡಿದವನು. ಅಕ್ಕತಂಗಿಯ ಮಗ ಕೇಶಿರಾಜ ಕನ್ನಡದ ಪ್ರಸಿದ್ಧ ವ್ಯಾಕರಣ ‘ಶಬ್ದಮಣಿದರ್ಪಣ’ ಬರೆದವನು. ಅಂದರೆ ಮನೆ ತುಂಬ ಭಾಷೆಯ ಜನ. ಊಟಕ್ಕೆ ಕೂತಾಗ ಛಂದಸ್ಸಿನ ಜಗಳ ಆಗ್ತಿತ್ತೇನೋ!

ಜನ್ನ ಬರೀ ಕವಿ ಅಲ್ಲ. ಆಸ್ಥಾನದಲ್ಲಿ ದಂಡನಾಥ, ಮಂತ್ರಿ ಪದವಿಗಳನ್ನೂ ನೋಡಿಕೊಂಡವನು. ಅಂದರೆ ಫುಲ್ ಟೈಮ್ ಕೆಲಸದ ಜೊತೆಗೇ ಬರೆದವನು. ಇಮ್ಮಡಿ ವೀರಬಲ್ಲಾಳ ಅವನಿಗೆ ‘ಕವಿಚಕ್ರವರ್ತಿ’ ಬಿರುದು ಕೊಟ್ಟ. ಪೊನ್ನ, ರನ್ನ, ಜನ್ನ: ಹಳಗನ್ನಡದಲ್ಲಿ ಆ ಬಿರುದಿನಿಂದ ಹೆಸರಾದವರು ಈ ಮೂವರು.

ಇನ್ನೊಂದು ವಿಷಯ ನನಗೆ ತುಂಬ ಇಂಟರೆಸ್ಟಿಂಗ್ ಅನ್ನಿಸಿತು. ದೊಡ್ಡ ಕಾವ್ಯಕ್ಕೆ ಕೈ ಹಾಕೋ ಮುಂಚೆ ಜನ್ನ ಶಾಸನ ಬರೆದಿದ್ದಾನೆ. 1191ರ ಚನ್ನರಾಯಪಟ್ಟಣದ ಒಂದು ಶಾಸನ, 1197ರ ತರೀಕೆರೆಯ ಒಂದು ಶಾಸನ ಅವನ ರಚನೆ. ಕಲ್ಲಿನ ಮೇಲೆ ಬರೆಯೋದು ಅಂದರೆ ಜಾಗ ಕಮ್ಮಿ, ಒಂದೊಂದು ಅಕ್ಷರವನ್ನೂ ಒಬ್ಬ ಉಳಿಯಲ್ಲಿ ಕೆತ್ತಬೇಕು. ಮಾತು ಜಾಸ್ತಿ ಆದರೆ ಕೂಲಿ ಜಾಸ್ತಿ. ಜನ್ನನ ಬರವಣಿಗೆಯಲ್ಲಿ ಕಾಣುವ ಬಿಗಿ ಅಲ್ಲಿ ಸ್ವಲ್ಪ ಅಭ್ಯಾಸ ಆಗಿರಬೇಕು ಅಂತ ನನ್ನ ಊಹೆ.

ಕಥೆ, ಸಂಕ್ಷಿಪ್ತವಾಗಿ

ರಾಜಪುರದ ರಾಜ ಮಾರಿದತ್ತ ಚಂಡಮಾರಿಯ ಜಾತ್ರೆಯಲ್ಲಿ ನರಬಲಿ ಕೊಡೋಕೆ ಹೊರಟಿದ್ದಾನೆ. ಬಲಿಗೆ ಹಿಡಿದು ತಂದಿರೋದು ಅಭಯರುಚಿ, ಅಭಯಮತಿ ಅನ್ನೋ ಅಣ್ಣತಂಗಿಯನ್ನು. ಇಬ್ಬರೂ ಚಿಕ್ಕ ವಯಸ್ಸಿನವರು, ಹೆಸರಿನ ಹಾಗೇ ಹೆದರಿಕೆ ಇಲ್ಲದವರು. ಸಾಯೋ ಮುಂಚೆ ಅಭಯರುಚಿ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ.

ಹಿಂದೆ ಅವನು ಉಜ್ಜಯಿನಿಯ ರಾಜ ಯಶೋಧರ. ಹೆಂಡತಿ ಅಮೃತಮತಿ. ಅವಳು ಮಾವುತ ಅಷ್ಟಾವಂಕನನ್ನು ಒಲಿದು ರಾತ್ರಿ ಹೊತ್ತು ಕದ್ದು ಹೋಗುತ್ತಾಳೆ. ಒಂದು ರಾತ್ರಿ ರಾಜ ಹಿಂಬಾಲಿಸಿ ಹೋಗಿ ಕಣ್ಣಾರೆ ನೋಡುತ್ತಾನೆ. ಕತ್ತಿ ಕೈಯಲ್ಲಿದ್ದರೂ ಕೊಲ್ಲದೆ ವಾಪಸ್ ಬರುತ್ತಾನೆ. ಮನಸ್ಸು ಕೆಟ್ಟಿರೋದನ್ನು ನೋಡಿ ತಾಯಿ ಚಂದ್ರಮತಿ ಕೇಳಿದಾಗ, ಕೆಟ್ಟ ಕನಸು ಬಿತ್ತು ಅಂತ ಮರೆಮಾಚುತ್ತಾನೆ. ಹಾಗಾದರೆ ದೇವಿಗೆ ಬಲಿ ಕೊಡು ಅಂತಾಳೆ ತಾಯಿ. ಮಗ ಒಪ್ಪಲ್ಲ. ಕೊನೆಗೆ ರಾಜಿ ಆಗಿ ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿಯುತ್ತಾರೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ! ಆಮೇಲೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷ ಹಾಕಿ ಕೊಲ್ಲುತ್ತಾಳೆ. ಹಿಟ್ಟಿನ ಕೋಳಿಯ ಪಾಪಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಅಂತ ಶುರುವಾಗಿ ಪ್ರಾಣಿಜನ್ಮಗಳಲ್ಲಿ ಸುತ್ತಿ, ಕೊನೆಗೆ ಕೋಳಿಗಳಾಗಿ ಸತ್ತು, ಈ ಅಣ್ಣತಂಗಿಯಾಗಿ ಹುಟ್ಟಿದ್ದಾರೆ. ಕಥೆ ಕೇಳಿದ ಮಾರಿದತ್ತ ಬಲಿ ಬಿಡುತ್ತಾನೆ.

ಅಂದರೆ ಒಟ್ಟು ಕಥೆಯಲ್ಲಿ ಅಮೃತಮತಿಯ ಪ್ರೇಮ ಒಂದು ಭಾಗ ಅಷ್ಟೇ. ಆದರೆ ಓದಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿಯೋದು ಅದೇ.

ಮೊದಲ ಹೆಜ್ಜೆ: ಕಥೆ ಹುಡುಕಲಿಲ್ಲ, ಆರಿಸಿಕೊಂಡ

ಈ ಕಥೆ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿ 959ರಲ್ಲಿ ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪು’ ಬರೆದಿದ್ದ. ಪುಷ್ಪದಂತ ಅಪಭ್ರಂಶದಲ್ಲಿ ಬರೆದಿದ್ದ. ವಾದಿರಾಜ ಸಂಸ್ಕೃತದಲ್ಲಿ ಮತ್ತೆ ಬರೆದಿದ್ದ. ಜೈನ ಓದುಗರಿಗೆ ಇದು ಗೊತ್ತಿದ್ದ ಕಥೆ. ಈಗಿನ ಭಾಷೆಯಲ್ಲಿ ಸ್ಪಾಯ್ಲರ್ ಅನ್ನೋ ಮಾತೇ ಬರಲ್ಲ.

ಇದು ಬರಹಗಾರನಿಗೆ ದೊಡ್ಡ ಅನುಕೂಲ. ಮುಂದೆ ಏನಾಗುತ್ತೆ ಅನ್ನೋ ಕುತೂಹಲ ಕಟ್ಟುವ ಕೆಲಸ ತಪ್ಪಿತು. ಪೂರ್ತಿ ಗಮನ ‘ಹೇಗೆ’ ಅನ್ನೋದರ ಮೇಲೆ ಇಡಬಹುದು. ಜೊತೆಗೆ ಒಂದು ರಕ್ಷಣೆಯೂ ಸಿಕ್ಕಿತು. ಇದು ಧರ್ಮಕಥೆ, ಕೊನೆಗೆ ತಪ್ಪು ಮಾಡಿದವಳಿಗೆ ನರಕ ಇದ್ದೇ ಇದೆ. ಆ ಚೌಕಟ್ಟು ಗಟ್ಟಿ ಇರೋದರಿಂದ ಒಳಗೆ ಆಸೆಯ ಬಗ್ಗೆ ಎಷ್ಟು ಬೇಕಾದರೂ ಧೈರ್ಯವಾಗಿ ಬರೆಯಬಹುದು.

ಶೃಂಗಾರಕ್ಕೆ ಕನ್ನಡದಲ್ಲೇ ಅವನಿಗೆ ದಾರಿ ಇತ್ತು. 11ನೇ ಶತಮಾನದಲ್ಲೇ ಚಂದ್ರರಾಜ ‘ಮದನತಿಲಕ’ ಅಂತ ಕನ್ನಡದಲ್ಲಿ ಕಾಮಶಾಸ್ತ್ರ ಬರೆದಿದ್ದ. ಜನ್ನನ ಹೆಸರಿನಲ್ಲೂ ‘ಅನುಭವಮುಕುರ’ ಅಥವಾ ‘ಸ್ಮರತಂತ್ರ’ ಅಂತ ಅದೇ ವಿಷಯದ ಚಿಕ್ಕ ಪುಸ್ತಕ ಇದೆ. ಅವನಿಗಿಂತ ಸ್ವಲ್ಪ ಹಿಂದೆ ನೇಮಿಚಂದ್ರ ‘ಲೀಲಾವತಿ ಪ್ರಬಂಧ’ ಬರೆದ. ಅದು ಪಕ್ಕಾ ರೊಮ್ಯಾನ್ಸ್. ರಾಜಕುಮಾರ ಕಂದರ್ಪ, ರಾಜಕುಮಾರಿ ಲೀಲಾವತಿ ಒಬ್ಬರನ್ನೊಬ್ಬರು ಕನಸಿನಲ್ಲಿ ನೋಡಿ, ಹುಡುಕಾಡಿ, ಕೊನೆಗೆ ಸೇರುತ್ತಾರೆ. ಇಬ್ಬರೂ ಚೆಲುವರು, ಇಬ್ಬರೂ ಒಂದೇ ಅಂತಸ್ತಿನವರು. ಓದುಗರಿಗೂ ಖುಷಿ.

ಜನ್ನ ಆ ಫಾರ್ಮುಲಾ ತಿರುಗಿಸಿ ಇಟ್ಟ. ಚೆಲುವ ರಾಜ ಪಕ್ಕದಲ್ಲೇ ಮಲಗಿದ್ದಾನೆ. ಆಸೆ ಹೋಗಿದ್ದು ಲಾಯದ ಕಡೆ.

ಎರಡನೇ ಹೆಜ್ಜೆ: ಕಣ್ಣಲ್ಲ, ಕಿವಿ

ಪ್ರೇಮಕಥೆ ಅಂದರೆ ‘ಮೊದಲ ನೋಟ’ ಅಂತೀವಿ. ಸಿನಿಮಾದಲ್ಲೂ ಸ್ಲೋ ಮೋಷನ್‌ನಲ್ಲಿ ಕೂದಲು ಹಾರೋದೇ ಶುರು. ಇಲ್ಲಿ ನೋಟವೇ ಇಲ್ಲ. ರಾತ್ರಿ ಕಳೆಯುತ್ತಾ ಬಂದ ಹೊತ್ತು, ಕತ್ತಲು. ಎಲ್ಲಿಂದಲೋ ಒಂದು ಹಾಡು. ಅಮೃತಮತಿ ಎಚ್ಚರಾಗುತ್ತಾಳೆ. ಯಾರು, ಹೇಗಿದ್ದಾನೆ ಏನೂ ಗೊತ್ತಿಲ್ಲ. ಅಷ್ಟು ಹೊತ್ತಿಗಾಗಲೇ ಮನಸ್ಸು ಹೋಗಿಬಿಟ್ಟಿದೆ.

ಕತ್ತಲಲ್ಲಿ ಕೇಳುವ ದನಿಗೆ ಮುಖ ಇಲ್ಲ. ಮುಖವನ್ನು ಕೇಳುವವಳೇ ಮಾಡ್ಕೋಬೇಕು. ಹಾಗೆ ಮಾಡ್ಕೊಂಡಿದ್ದನ್ನ ಅವಳಿಂದ ಕಿತ್ಕೊಳ್ಳೋಕೆ ಆಗಲ್ಲ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಯಾವುದೋ ದನಿಗೆ ಮರುಳಾಗಿ, ಹಾಡಿದವರ ಫೋಟೋ ಆಮೇಲೆ ಹುಡುಕಿದ ಅನುಭವ ಇರುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಆಮೇಲೆ ಅವಳು ಸಖಿಯನ್ನು ಕಳಿಸುತ್ತಾಳೆ: ಹೋಗಿ ನೋಡ್ಕೊಂಡು ಬಾ. ಸಖಿ ಬಂದು ವರದಿ ಒಪ್ಪಿಸುತ್ತಾಳೆ. ಸಾಮಾನ್ಯವಾಗಿ ಹಳೆಯ ಕಾವ್ಯಗಳಲ್ಲಿ ಅಂಗಾಂಗ ವರ್ಣನೆ ಬರೋದು ನಾಯಕಿಯ ಚೆಲುವಿಗೆ. ಜನ್ನ ಅದೇ ಟೆಂಪ್ಲೇಟ್ ತಗೊಂಡು ಮಾವುತನ ಕುರೂಪಕ್ಕೆ ಹಾಕಿದ. ಒಂದೊಂದೇ ಅಂಗ ಹಿಡಿದು ಅವಳು ಛೀ ಅನ್ನುತ್ತಾ ಹೋಗುವುದು ನಗು ಬರಿಸುತ್ತೆ. ಅದರಲ್ಲಿ ಮೇಲಿನವರು ಕೆಳಗಿನವರನ್ನು ನೋಡುವ ಅಸಹ್ಯವೂ ಬೆರೆತಿದೆ. ಅದು ಚುಚ್ಚುತ್ತೆ.

ಅದಕ್ಕೆ ರಾಣಿ ಕೊಡುವ ಉತ್ತರ ನಮ್ಮಂಥ ಎಂಜಿನಿಯರುಗಳಿಗೆ ಇಷ್ಟ ಆಗಬೇಕು. ಅವಳ ವಾದ ಕಾರ್ಯ ಕಾರಣದ್ದು. ಒಲವು ಅನ್ನೋದು ಆಗಿಹೋಯ್ತು. ರೂಪ ಇರೋದು ಒಲವು ಹುಟ್ಟಿಸೋಕೆ ತಾನೆ? ಕಾರ್ಯ ಆದ ಮೇಲೆ ಕಾರಣ ಕಟ್ಟಿಕೊಂಡು ಏನು ಮಾಡಲಿ? ಔಟ್‌ಪುಟ್ ಬಂದಾಯ್ತು, ಇನ್‌ಪುಟ್ ಸರಿ ಇಲ್ಲ ಅಂತ ಈಗ ಯಾಕೆ ಹೇಳ್ತೀಯ ಅನ್ನೋ ಥರ. ‘ಯಾಕೆ ಅವನು?’ ಅನ್ನೋ ಪ್ರಶ್ನೆಗೆ ಜನ್ನ ಉತ್ತರ ಕೊಡೋಕೆ ಹೋಗಲ್ಲ. ಗಂಡ ಕೆಟ್ಟವನು, ಅವಳು ಒಂಟಿ ಅಂತೆಲ್ಲ ಕಾರಣ ಜೋಡಿಸಲ್ಲ. ಆಸೆಗೆ ಕಾರಣ ಕೊಟ್ಟರೆ ಅದು ಲೆಕ್ಕ ಆಗುತ್ತೆ. ಕೊಡದೇ ಇರೋದರಿಂದ ಅದರ ಭಯ ಹಾಗೇ ಉಳಿದಿದೆ.

ಮೂರನೇ ಹೆಜ್ಜೆ: 64 ಮಾತ್ರೆಯ ಮನೆ

ಪಂಪ, ರನ್ನ ಬರೆದದ್ದು ಚಂಪೂ: ಉದ್ದುದ್ದ ವೃತ್ತಗಳು, ನಡುವೆ ಗದ್ಯ. ಜನ್ನ ಇಲ್ಲಿ ಅದನ್ನೆಲ್ಲ ಬಿಟ್ಟ. ಇಡೀ ಕಾವ್ಯ ಮುನ್ನೂರು ಪದ್ಯಗಳ ಆಸುಪಾಸು, ಬಹುತೇಕ ಎಲ್ಲ ಕಂದಪದ್ಯ.

ಕಂದದ ರಚನೆ ಹೀಗೆ. ಲಘು ಅಂದರೆ 1 ಮಾತ್ರೆ, ಗುರು ಅಂದರೆ 2. ನಾಲ್ಕು ಮಾತ್ರೆಗೆ ಒಂದು ಗಣ. ಒಂದನೇ, ಮೂರನೇ ಸಾಲಿಗೆ ಮೂರು ಗಣ, ಅಂದರೆ 12 ಮಾತ್ರೆ. ಎರಡನೇ, ನಾಲ್ಕನೇ ಸಾಲಿಗೆ ಐದು ಗಣ, ಅಂದರೆ 20. ಒಟ್ಟು 64. ಪ್ರತಿ ಅರ್ಧದಲ್ಲಿ ಎಂಟು ಗಣ ಬರುತ್ತೆ. ಅದರಲ್ಲಿ ಬೆಸ ಸ್ಥಾನದಲ್ಲಿ ಲಘು ಗುರು ಲಘು ಅನ್ನೋ ಜಗಣ ಬರಬಾರದು. ಆರನೆಯದು ಜಗಣವೇ ಆಗಿರಬೇಕು, ಇಲ್ಲಾ ನಾಲ್ಕೂ ಲಘು ಇರಬೇಕು. ಅರ್ಧ ಮುಗಿಯೋದು ಗುರುವಿನಲ್ಲಿ. ಮೇಲಿಂದ ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸ. ಇಷ್ಟು ಕಂಡೀಷನ್ ಇರುವ ಪ್ರೋಗ್ರಾಮ್ ಬರೆಯಿರಿ ಅಂದರೆ ನಾವು ಲ್ಯಾಬ್‌ನಿಂದ ಓಡಿಹೋಗ್ತೀವಿ.

ಇದರಿಂದ ಶೃಂಗಾರಕ್ಕೆ ಏನು ಲಾಭ? ಚಿಕ್ಕ ಮನೆಯಲ್ಲಿ ಸಾಮಾನು ತುಂಬೋಕೆ ಆಗಲ್ಲ. ದೊಡ್ಡ ವೃತ್ತ ಸಿಕ್ಕರೆ ಕವಿಗಳು ಚಂದ್ರ, ಮಲ್ಲಿಗೆ, ತಂಗಾಳಿ ಎಲ್ಲ ತಂದು ಸುರಿಯುತ್ತಾರೆ. 64 ಮಾತ್ರೆಯಲ್ಲಿ ಒಂದು ಚಲನೆ ಅಥವಾ ಒಂದು ಮಾತು, ಅಷ್ಟೇ ಹಿಡಿಸುತ್ತೆ. ಹಾಡು ಕೇಳಿಸಿತು ಅಂದಮೇಲೆ ಪದ್ಯ ಮುಗೀತು. ಅವಳು ಎದ್ದಳು ಅನ್ನೋದು ಮುಂದಿನ ಪದ್ಯ. ಎರಡರ ನಡುವಿನ ಖಾಲಿ ಜಾಗ ನಮಗೆ ಬಿಟ್ಟಿದ್ದು. ಆನ್‌ಲೈನ್ ರೊಮ್ಯಾನ್ಸ್‌ಗಳಲ್ಲಿ ಮೂರು ಪುಟ ವಿವರಣೆ ಕೊಟ್ಟರೂ ಏನೂ ಅನ್ನಿಸದೇ ಇರೋದಕ್ಕೆ ಆ ಖಾಲಿ ಜಾಗ ಇಲ್ಲದಿರೋದೇ ಕಾರಣ ಇರಬಹುದು.

ಸುತ್ತಲಿನ ಕಲ್ಲು

ಜನ್ನ ಬರೆಯುವ ಹೊತ್ತಿಗೆ ಬೇಲೂರಿನ ಚೆನ್ನಕೇಶವ ಗುಡಿ ಕಟ್ಟಿ 90 ವರ್ಷ ದಾಟಿತ್ತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಅಲ್ಲಿನ ಮದನಿಕೆಯರನ್ನು ಎಲ್ಲರೂ ನೋಡಿದ್ದೀವಿ: ಕನ್ನಡಿ ನೋಡಿಕೊಳ್ಳುವವಳು, ಗಿಳಿ ಜೊತೆ ಮಾತಾಡುವವಳು, ಕುಣಿಯುವವಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲರ ಸ್ಟೇಟಸ್‌ನಲ್ಲೂ ಇವರೇ ಇದ್ದರು. ದೇಹದ ಚೆಲುವನ್ನು ದೇವರ ಮನೆಯ ಗೋಡೆಗೆ ನಾಚಿಕೆ ಇಲ್ಲದೆ ಇಟ್ಟ ಕಾಲ ಅದು. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯಿಂದ ಸ್ವಲ್ಪ ನಡೆದರೆ ಜೈನ ಬಸದಿಗಳು ಸಿಗುತ್ತವೆ. ಪಾರ್ಶ್ವನಾಥ ಬಸದಿ 1133ರದ್ದು. ಅಲ್ಲಿ ಒಳಗೆ ಹೋದರೆ ಎತ್ತರದ, ಅಲಂಕಾರ ಇಲ್ಲದ, ಬತ್ತಲೆ ನಿಂತ ತೀರ್ಥಂಕರ. ಒಂದು ಕಡೆ ಒಡವೆ ಹೊತ್ತ ದೇಹ, ಇನ್ನೊಂದು ಕಡೆ ಎಲ್ಲ ಬಿಟ್ಟ ದೇಹ.

ಜನ್ನ ಜೈನ. ಈ ಎರಡೂ ಒಂದೇ ಊರಿನಲ್ಲಿ ಅವನ ಕಣ್ಣೆದುರು ಇದ್ದವು. ಅವನ ಕಾವ್ಯದಲ್ಲೂ ಎರಡೂ ಇವೆ. ಯಾವ ಶಿಲ್ಪವನ್ನು ನೋಡಿ ಯಾವ ಪದ್ಯ ಬರೆದ ಅಂತ ಹೇಳೋಕೆ ಬರಲ್ಲ, ಹೇಳಬೇಕಾಗಿಯೂ ಇಲ್ಲ. ಆಸೆಯನ್ನು ಪೂರ್ತಿ ತೋರಿಸಿದರೆ ಮಾತ್ರ ಬಿಡುವುದಕ್ಕೆ ಬೆಲೆ ಅನ್ನೋದು ಆ ಊರಿನ ಗಾಳಿಯಲ್ಲೇ ಇತ್ತು.

ಹೊಡೆತ ಮತ್ತು ಹೂವು

ಇಲ್ಲಿ ಒಂದು ಕಷ್ಟದ ಜಾಗ ಇದೆ. ಅಮೃತಮತಿ ಒಂದು ರಾತ್ರಿ ತಡವಾಗಿ ಹೋದಾಗ ಮಾವುತ ಅವಳನ್ನು ಹೊಡೆಯುತ್ತಾನೆ. ಅವಳು ಬೇಡಿಕೊಳ್ಳುತ್ತಾಳೆ. ಮರೆಯಲ್ಲಿ ನಿಂತ ಗಂಡ ನೋಡುತ್ತಾನೆ. ಮಾರನೇ ದಿನ ಯಶೋಧರ ಆಟಕ್ಕೆ ಅನ್ನೋ ಹಾಗೆ ನೈದಿಲೆ ಹೂವಿನಿಂದ ಅವಳನ್ನು ಮುಟ್ಟಿಸಿದಂತೆ ಹೊಡೆದರೆ ಅವಳು ಮೂರ್ಛೆ ಹೋಗುತ್ತಾಳೆ. ರಾತ್ರಿ ಆ ಹೊಡೆತ ತಡೆದ ಮೈ ಬೆಳಿಗ್ಗೆ ಹೂವಿಗೆ ಬಿತ್ತು.

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಜನ್ನ ಸುಮ್ಮನಾಗುತ್ತಾನೆ. ರಾಜನ ವ್ಯಂಗ್ಯ, ರಾಣಿಯ ನಾಟಕ, ಇಬ್ಬರಿಗೂ ಗೊತ್ತಿರುವ ಗುಟ್ಟು ಎಲ್ಲ ಒಂದೇ ಏಟಿಗೆ ಬಂತು. ಕುಶಲತೆ ನೋಡಿದರೆ ಅದ್ಭುತ. ಆದರೆ ಹೊಡೆಯೋದು ಪ್ರೀತಿ ಅಲ್ಲ. ಹೊಡೆಯುವ ಹೀರೋನನ್ನು ‘ಪ್ಯಾಷನೇಟ್’ ಅಂತ ಮಾರುವ ಪುಸ್ತಕ, ಸಿನಿಮಾ ಈಗಲೂ ಇವೆ. ಜನ್ನ ಅದನ್ನು ಚೆಂದ ಅಂತ ಮಾರಲಿಲ್ಲ. ಓದುವಾಗ ನಮಗೆ ಅಸಹ್ಯ, ಕನಿಕರ ಎರಡೂ ಆಗುತ್ತೆ. ಹಾಗೆ ಆಗಬೇಕು ಅಂತಲೇ ಬರೆದಿದ್ದಾನೆ ಅನ್ನಿಸುತ್ತೆ. 1230ರ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನ ತನ್ನ ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಹೊತ್ತೊಯ್ಯುತ್ತಾನೆ. ಅವಳು ಕೊನೆವರೆಗೂ ಒಪ್ಪಲ್ಲ, ಪ್ರಾಣ ಬಿಡುತ್ತಾಳೆ. ಒಪ್ಪಿಗೆ ಇಲ್ಲದ ಆಸೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದನ್ನ ಜನ್ನ ಎರಡು ದಶಕ ಆದಮೇಲೂ ಬಿಡದೆ ಯೋಚಿಸುತ್ತಿದ್ದ.

ಹಿಟ್ಟಿನ ಕೋಳಿಯ ಪ್ರಶ್ನೆ

ಕಾವ್ಯದ ನೀತಿ ಸಂಕಲ್ಪ ಹಿಂಸೆ. ಕೋಳಿ ಹಿಟ್ಟಿನದ್ದೇ ಇರಬಹುದು, ಕಡಿಯುವ ಮನಸ್ಸು ನಿಜವಾದದ್ದು. ಹಾಗಾಗಿ ಪಾಪವೂ ನಿಜವಾದದ್ದು.

ಈ ನೀತಿಯನ್ನು ಬರೆದವನ ಮೇಲೇ ಹಾಕಿ ನೋಡಿ. ಮನಸ್ಸಿನಲ್ಲಿ ಮಾಡಿದ್ದೂ ಮಾಡಿದ ಹಾಗೇ ಅನ್ನೋದಾದರೆ, ಅಮೃತಮತಿಯ ರಾತ್ರಿಯನ್ನು ಮೊದಲು ಮನಸ್ಸಿನಲ್ಲಿ ನಡೆಸಿದವನು ಜನ್ನನೇ ಅಲ್ವಾ? ಆ ಹಾಡು, ಆ ಕತ್ತಲು, ಆ ವಾದ ಎಲ್ಲ ಅವನೇ ಕಲ್ಪಿಸಿದ್ದು. ಕಾಗದದ ಮೇಲಿನ ಪ್ರೇಮವೂ ಒಂದು ಹಿಟ್ಟಿನ ಕೋಳಿ. ಅದು ಕೂಗುತ್ತೆ.

ನನಗೆ ಹೊಳೆಯುವ ವ್ಯತ್ಯಾಸ ಇಷ್ಟು. ಯಶೋಧರನ ಸಂಕಲ್ಪ ಕಡಿಯೋದು. ಕವಿಯ ಸಂಕಲ್ಪ ತಿಳಿಯೋದು. ಬೇರೆಯವರ ಒಳಗೆ ಹೋಗಿ ಅಲ್ಲಿ ಏನಾಗ್ತಿದೆ ಅಂತ ನೋಡೋದು. ಅವಳಿಗೆ ನರಕ ಕೊಡುವ ಮುಂಚೆ ಅವಳಿಗೆ ವಾದ ಕೊಟ್ಟಿದ್ದಾನೆ. ಗಿರೀಶ್ ಕಾರ್ನಾಡರು 1980ರಲ್ಲಿ ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ನಾಟಕ ಬರೆದರು. ರಾಜ, ರಾಣಿ, ತಾಯಿ, ಮಾವುತ, ಇಷ್ಟೇ ಪಾತ್ರ. ಜನ್ನ ಅಂದು ರಾಣಿಗೆ ದನಿ ಕೊಡದೇ ಇದ್ದಿದ್ದರೆ ಅದನ್ನು ಮುಂದುವರಿಸೋಕೆ ಇವರಿಗೆ ಏನು ಸಿಗ್ತಿತ್ತು?

ಇದೇ ಕೆಲಸ ಹೆಂಗಸು ಮಾಡಿದ್ದರೆ?

ಜನ್ನನಿಗೆ ಬಿರುದು ಸಿಕ್ಕಿತು. 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದಳು. ಅದೂ ಹೆಣ್ಣಿನ ಆಸೆಯ ಕಾವ್ಯವೇ. ನಂಜನಗೂಡಿನಲ್ಲಿ ಹುಟ್ಟಿದ ನಮ್ಮ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಅಶ್ಲೀಲ ಅಂತ ಗಲಾಟೆ ಆಗಿ ಬ್ರಿಟಿಷ್ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿಕೊಂಡಿತು. ಗಂಡಸರು ಬರೆದ ಇಂಥದ್ದೇ ಕಾವ್ಯಗಳು ಆರಾಮಾಗಿ ಪಾಠದಲ್ಲಿದ್ದವು ಅನ್ನೋದನ್ನ ನಾಗರತ್ನಮ್ಮ ಅವತ್ತೇ ಎತ್ತಿ ತೋರಿಸಿದ್ದರು.

ಇದು ಹಳೇ ಕಥೆ ಅಂತ ಅಂದ್ಕೊಳ್ಳೋದು ಬೇಡ. ಪ್ರೇಮ ಕಥೆ ಬರೆದ ಹುಡುಗನಿಗೆ ‘ಮಗಾ ಸೂಪರ್’ ಅಂತೀವಿ. ಅದೇ ಹುಡುಗಿ ಬರೆದರೆ ‘ಇದು ನಿಂದೇ ಕಥೆನಾ?’ ಅಂತ ಕೇಳ್ತೀವಿ. ಆ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಜನ ಬೇರೆ ಹೆಸರಲ್ಲಿ ಬರೀತಾರೆ, ಇಲ್ಲಾ ಬರೆಯೋದೇ ಬಿಡ್ತಾರೆ. ಜನ್ನನನ್ನು ಯಾರೂ ‘ನೀನೇನು ಅಮೃತಮತಿನಾ?’ ಅಂತ ಕೇಳಿದ ಹಾಗಿಲ್ಲ. ಆ ಮರ್ಯಾದೆ ಎಲ್ಲ ಬರಹಗಾರರಿಗೂ ಸಿಗಬೇಕು.

ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಹಳಗನ್ನಡ ಅಸೆಂಬ್ಲಿ ಲ್ಯಾಂಗ್ವೇಜ್ ಇದ್ದ ಹಾಗೆ. ಮೊದಲು ಹೊಸಗನ್ನಡದ ಗದ್ಯಾನುವಾದ ಓದಿ, ಆಮೇಲೆ ಒಂದೊಂದೇ ಕಂದವನ್ನು ಗಟ್ಟಿಯಾಗಿ ಓದಿ ನೋಡಿ. ಅರ್ಥ ಅರ್ಧ ಆದರೂ ಪರವಾಗಿಲ್ಲ. ಅಮೃತಮತಿಗೂ ಮೊದಲು ಸಿಕ್ಕಿದ್ದು ದನಿ ಮಾತ್ರ.